ಆರು ನಿಮಿಷ ಐವತ್ತೊಂದು ಸೆಕೆಂಡು

ನನ್ನ ಮೇಜಿನ ಮೇಲೆ ಟವೆಲು ಹಾಸಿ
ಮುರಿದದ್ದನ್ನೆಲ್ಲ ಸುರಿದ ದಾನ್ಯಾಲ್:
ಮೂರು ರೆಕ್ಕೆ, ಒಂದು ಕಾಲು, ಕತ್ತು ತಿರುಚಿದ ಕ್ಯಾಮೆರಾ,
ಹಸಿ ಹುಲ್ಲು, ಒಂದು ಹಿಡಿ ಕಪ್ಪು ಮಣ್ಣು.
“ಬ್ಯಾಟರಿ ಕೈಕೊಟ್ಟಿತು. ಹಾಗಂತ ಬರೆದುಕೊಡು ಮಾರ್ಯುನ್,
ಕಂಪನಿಯವರು ಹೊಸದು ಕೊಡುತ್ತಾರೆ.”
ಅವನ ಹಿಂದೆ ಅಣ್ಣನ ಮಗ ಬ್ರಾಂಡುರ್,
ಹದಿನಾಲ್ಕರ ಹುಡುಗ, ಹಾರಿಸಿದವನು ಅವನೇ,
ಬೂಟಿನ ತುದಿಯಲ್ಲಿ ನನ್ನ ನೆಲ ಕೆರೆಯುತ್ತಿದ್ದ.

ಮೂವತ್ತು ವರ್ಷ ದೋಣಿಗಳ ರೇಡಿಯೋ ಬಿಚ್ಚಿದವಳು ನಾನು,
ಕ್ಲಾಕ್ಸ್‌ವಿಕ್ ಬಂದರಿನ ಇದೇ ಕೋಣೆಯಲ್ಲಿ.
ಮೀನುಗಾರ ಹೇಳುವ ಕಥೆಗೂ
ಸುಟ್ಟ ಫ್ಯೂಜು ಹೇಳುವ ಕಥೆಗೂ
ತಾಳೆಯಾದದ್ದು ಕಡಿಮೆ.

ಕಾರ್ಡಿನ ಗೂಡು ಖಾಲಿ.
ಅಷ್ಟೆತ್ತರದಿಂದ ಬಿದ್ದೂ
ಅದರ ಮುಚ್ಚಳ ಮಾತ್ರ ನೀಟಾಗಿ ಮುಚ್ಚಿತ್ತು.
ಚಿತ್ರವಿಲ್ಲ. ಫೋನಿನಲ್ಲಿ ಉಳಿದ ಲೆಕ್ಕವಿದೆ,
ಸೆಕೆಂಡಿಗೆ ಹತ್ತು ಸಾಲಿನಂತೆ.

ಅವರು ಹೋದ ಮೇಲೆ ಕಾಫಿ ಕಾಸಿಕೊಂಡು ಕೂತೆ.
ಬ್ಯಾಟರಿ ಅರವತ್ತೊಂದು ಪರ್ಸೆಂಟು,
ಮೂರೂ ಸೆಲ್ಲು ಅಕ್ಕತಂಗಿಯರ ಹಾಗೆ ಒಂದೇ ಎತ್ತರ.
ಉಪಗ್ರಹ ಹದಿನೇಳು. ದಿಕ್ಸೂಚಿಗೆ ತಲೆ ತಿರುಗಿಲ್ಲ.
ಹಕ್ಕಿ ಬಡಿದಿದ್ದರೆ ಗೆರೆಯಲ್ಲೊಂದು ಮುಳ್ಳು ಏಳಬೇಕಿತ್ತು,
ಎದ್ದಿಲ್ಲ.
ಗಾಳಿಯಿದೆ. ಮೂಡಣದ ಗಾಳಿ, ಹದಿನಾಲ್ಕು ಮೀಟರಿನದು.
ಗಾಳಿ ಅಂತ ಬರೆದರೂ ನಡೆದೀತು;
ಫರೋ ದ್ವೀಪಗಳಲ್ಲಿ ಗಾಳಿಯ ಮೇಲೆ ಹಾಕಿದ ತಪ್ಪನ್ನು
ಯಾರೂ ತಿರುಗಿಸಿ ಕೇಳುವುದಿಲ್ಲ.

ಕೋಲುಗಳ ಕಾಲಂ ಕೊನೆಗೆ ತೆಗೆದೆ.
ಅದನ್ನು ಓದುವಾಗ ನನಗೆ ಯಾವಾಗಲೂ ಸಂಕೋಚ,
ನಿದ್ದೆಯಲ್ಲಿರುವವರ ಹೆಬ್ಬೆರಳು ಹಿಡಿದ ಹಾಗೆ.

ಆರು ನಿಮಿಷ ನಲವತ್ತೇಳು: ಬಲಗೋಲು ಪೂರ್ತಿ ಹಿಂದಕ್ಕೆ.
ನಲವತ್ತೆಂಟು: ಹಿಂದಕ್ಕೆ.
ನಲವತ್ತೊಂಬತ್ತು, ಐವತ್ತು: ಹಿಂದಕ್ಕೆ, ಹಿಂದಕ್ಕೆ,
ಡ್ರೋನು ಮಾತ್ರ ಮುಂದಕ್ಕೆ.
ಐವತ್ತೊಂದು:
ಎರಡೂ ಕೋಲು ಕೆಳಗೆ, ಒಳಮೂಲೆಗೆ.
ಎರಡು ಸೆಕೆಂಡು ಅಲುಗಿಲ್ಲ.
ತಪ್ಪಿ ಹಿಡಿಯುವ ಹಿಡಿತವಲ್ಲ ಅದು.
ಹಾಗೆ ಹಿಡಿದರೆ ಮೋಟಾರು ಸಾಯುತ್ತದೆ,
ಆಕಾಶದಲ್ಲಿದ್ದರೂ.
ಐವತ್ತಮೂರು: ಸೊನ್ನೆ ಸೊನ್ನೆ ಸೊನ್ನೆ ಸೊನ್ನೆ.
ಎತ್ತರ ಮೂವತ್ತೆಂಟು.
ಮೂವತ್ತಮೂರು.
ಹತ್ತೊಂಬತ್ತು.
ಆಮೇಲೆ ಸಾಲಿಲ್ಲ.

ಕ್ಯಾಮೆರಾದ ಕೋನ ತೊಂಬತ್ತು, ನೇರ ಕೆಳಕ್ಕೆ.
ಏನನ್ನು ನೋಡುತ್ತಿತ್ತು?
ಅದಕ್ಕೊಂದು ಕಾಲಂ ಯಾರೂ ಮಾಡಿಲ್ಲ.
ನಕ್ಷೆಯ ಮೇಲೆ ದಾರಿ ಎಳೆದೆ:
ಹುಲ್ಲು, ಹುಲ್ಲು, ಕುರಿ ಮೇಯುವ ಇಳಿಜಾರು,
ಇನ್ನು ಇಪ್ಪತ್ತು ಮೀಟರಿಗೆ ಬಂಡೆಯಂಚು,
ಅಂಚಿನಾಚೆ ಗಾಳಿ, ಗಾಳಿಯ ತಳದಲ್ಲಿ ಕಡಲು.

ಶನಿವಾರ ಕಾಲ್ಸೋಯ್ ದ್ವೀಪದ ದೋಣಿಯಲ್ಲಿ
ಹುಡುಗ ಒಬ್ಬನೇ ಬಂದ.
ಪರದೆ ಅವನ ಕಡೆ ತಿರುಗಿಸಿದೆ. ಓದಿದ.
“ಸದ್ದಿಗೆ ಓಡುತ್ತಿದ್ದವು,” ಅಂದ. “ಸದ್ದು ನಿಲ್ಲಬೇಕಿತ್ತು.”
ಎಷ್ಟು?
“ಹನ್ನೊಂದು.”
ಮೇಲಕ್ಕೇರಿಸಬಹುದಿತ್ತಲ್ಲ ಎಂದು ನಾನು ಕೇಳಲಿಲ್ಲ.
ಸೂರಿನಡಿ ಕೂತು, ಕಾಫಿ ಕುಡಿಯುತ್ತ
ಹಾರಿಸುವುದು ಸುಲಭ.
ಜೇಬಿನಲ್ಲಿ ಏನನ್ನೋ ಹಿಡಿದುಕೊಂಡೇ ಇದ್ದ,
ಉಗುರಿನಷ್ಟು ಚಿಕ್ಕದು. ತೆಗೆಯಲಿಲ್ಲ.
ನಾನೂ ಕೈ ಚಾಚಲಿಲ್ಲ.

ಅರ್ಜಿಯಲ್ಲಿ ಐದು ಚೌಕ.
ಹಾವು ಸಾಯದಂತೆ, ಕೋಲು ಮುರಿಯದಂತೆ
ಬರೆಯಲು ನನಗೂ ಬರುತ್ತದೆ;
ಈ ಸಲ ಕೋಲು ಮುರಿದೇ ಬಂದಿತ್ತು.
‘ಇತರೆ’ಗೆ ಗುರುತು ಹಾಕಿದೆ:
ಹಾರಿಸಿದವನು ನಿಲ್ಲಿಸಿದ. ಯಂತ್ರದಲ್ಲಿ ದೋಷವಿಲ್ಲ.

ದಾನ್ಯಾಲ್ ಮೂರು ವಾರ ಮಾತು ಬಿಟ್ಟ.

ಅಕ್ಟೋಬರು, ಕುರಿ ಕಡಿಯುವ ಕಾಲ.
ಅದಕ್ಕೆಂದೇ ಅಲ್ಲವೇ ಬೆಟ್ಟದಿಂದ ಇಳಿಸಿದ್ದು.
ಸಿಟ್ಟು ಇಳಿದು ಅವನೊಂದು ತೊಡೆ ಕಳಿಸಿದ,
ಹುಡುಗನ ಕೈಯಲ್ಲೇ.
ಈಗ ಹಲಗೆಗೂಡಿನಲ್ಲಿ ತೂಗಿದೆ, ಕ್ರಿಸ್‌ಮಸ್ಸಿಗೆ ಒಣಗುತ್ತ.
ಆ ಹನ್ನೊಂದರಲ್ಲಿ ಒಂದೋ ಅಲ್ಲವೋ,
ನಾನು ಕೇಳಿಲ್ಲ, ಅವನು ಹೇಳಿಲ್ಲ.
ಹಲಗೆಯ ಸಂದಿನಲ್ಲಿ ಮೂಡಣದ ಗಾಳಿ
ಬಂದು ಹೋಗುತ್ತಿದೆ,
ಸೆಕೆಂಡಿಗೆ ಎಷ್ಟು ಮೀಟರೋ.